ಪರಮಾಣುವಿನ ಕಾಂತವನ್ನು ಅಳೆದ ಆಟೊ ಸ್ಟರ್ನ್

ನಿಮ್ಮಲ್ಲಿ ಪ್ರಥಮ ಪಿ.ಯು.ಸಿ. ವಿಜ್ಞಾನ ಓದಿದವರು ರಸಾಯನಶಾಸ್ತ್ರದ ಪಾಠದಲ್ಲಿ ಚಿಕ್ಕ ಚಿಕ್ಕ ಚೌಕಗಳನ್ನು ಬರೆದು ಅವುಗಳೊಳಗೆ ಬಾಣ ಹಾಕಿರುತ್ತೀರಿ. ಒಂದು ಬಾಣ ಮೇಲಕ್ಕೆ, ಅದರ ಜೊತೆಯದು ಕೆಳಕ್ಕೆ. ಇದು ಎಲೆಕ್ಟ್ರಾನಿನ ಸ್ಪಿನ್, ಅಂದರೆ ಗಿರಕಿ, ಎಂದು ಮೇಷ್ಟ್ರು ಹೇಳಿರುತ್ತಾರೆ. ಅಂಕ ಹೋದೀತೆಂಬ ಭಯಕ್ಕೆ ನಾವೆಲ್ಲ ಅದನ್ನು ಬಾಯಿಪಾಠ ಮಾಡಿದವರೇ. ಆದರೆ ಬಾಣ ಎರಡೇ ಏಕೆ? ಓರೆಯಾದ ಬಾಣ ಏಕೆ ಇಲ್ಲ? ಕಣ್ಣಿಗೆ ಕಾಣದ ಎಲೆಕ್ಟ್ರಾನಿನ ಬಾಣವನ್ನು ಯಾರು, ಯಾವ ತಕ್ಕಡಿಯಲ್ಲಿ ತೂಗಿದರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ಹೊರಟರೆ ನಾವು ತಲುಪುವುದು ಆಟೊ ಸ್ಟರ್ನ್ ಎಂಬ ವಿಜ್ಞಾನಿಯ ಬಾಳಿಗೆ. ಐನ್‌ಸ್ಟೈನ್, ಬೋರ್ ಇವರ ಹೆಸರು ಕೇಳಿದಷ್ಟು ನೀವು ಈ ಹೆಸರನ್ನು ಕೇಳಿರಲಾರಿರಿ. ಆದರೆ ಭೌತಶಾಸ್ತ್ರಜ್ಞರ ನಡುವೆ ಈ ಹೆಸರು ಮನೆಮಾತು.

ಸ್ಟರ್ನ್ 1888ರ ಫೆಬ್ರವರಿ 17ರಂದು ಅಂದಿನ ಜರ್ಮನಿಯ ಸೊಹ್ರಾವ್ ಎಂಬ ಸಣ್ಣ ಊರಿನಲ್ಲಿ, ಒಂದು ಯಹೂದಿ ಮನೆತನದಲ್ಲಿ ಜನಿಸಿದರು. ಇಂದು ಆ ಊರು ಪೋಲೆಂಡಿನಲ್ಲಿದ್ದು ಝೋರಿ ಎಂದು ಕರೆಸಿಕೊಳ್ಳುತ್ತದೆ. ಮನೆಯವರದು ಧಾನ್ಯದ ವ್ಯಾಪಾರ ಮತ್ತು ಹಿಟ್ಟಿನ ಗಿರಣಿ. ನಮ್ಮ ತುಮಕೂರಿನ ಮಂಡಿಪೇಟೆಯ ಅನುಕೂಲಸ್ಥ ವರ್ತಕರ ಮನೆಯನ್ನು ನೆನೆದುಕೊಂಡರೆ ಸಾಕು. ಹುಡುಗನಿಗೆ ನಾಲ್ಕು ವರ್ಷವಾದಾಗ ಕುಟುಂಬ ಬ್ರೆಸ್ಲಾವ್ ನಗರಕ್ಕೆ ಬಂದು ನೆಲೆಸಿತು. ಮಗ ಅಂಗಡಿಯಲ್ಲಿ ಕೂರಲಿ ಎಂದು ತಂದೆ ಹಟ ಹಿಡಿಯಲಿಲ್ಲ. ಯಾವ ವಿಷಯ ಬೇಕೋ ಓದಿಕೊಳ್ಳಲಿ, ಎಷ್ಟು ವರ್ಷ ಬೇಕೋ ಓದಲಿ ಎಂದು ಬಿಟ್ಟರು. ಈ ಒಂದು ಔದಾರ್ಯ ಮುಂದೆ ಎಷ್ಟು ಕೆಲಸಕ್ಕೆ ಬಂತೆಂಬುದನ್ನು ಗಮನಿಸಿ. 1912ರಲ್ಲಿ ಭೌತ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದ ಸ್ಟರ್ನ್ ನೌಕರಿ ಹುಡುಕಲಿಲ್ಲ. ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಐನ್‌ಸ್ಟೈನ್ ಅವರ ಬಳಿಗೆ ಹೋದರು. ಮನೆಯ ಹಣವಿದ್ದುದರಿಂದ ಸಂಬಳದ ಚಿಂತೆ ಇರಲಿಲ್ಲ. ಅದೇ ವರ್ಷ ಐನ್‌ಸ್ಟೈನ್ ಜ್ಯೂರಿಕ್‌ಗೆ ಹೋದಾಗ ಸ್ಟರ್ನ್ ಕೂಡ ಅವರ ಹಿಂದೆಯೇ ಹೋದರು. ಲೆಕ್ಕ ಮಾಡುವುದಕ್ಕಿಂತ ಯಾವ ಪ್ರಶ್ನೆ ಕೇಳಲು ಯೋಗ್ಯ ಎಂಬುದನ್ನು ಗುರುವಿನಿಂದ ಕಲಿತೆನೆಂದು ಅವರು ಕೊನೆಯವರೆಗೂ ನೆನೆಯುತ್ತಿದ್ದರು.

ಜ್ಯೂರಿಕ್‌ನ ಒಂದು ಪ್ರಸಂಗ ಸ್ವಾರಸ್ಯವಾಗಿದೆ. 1913ರಲ್ಲಿ ನೀಲ್ಸ್ ಬೋರ್ ತಮ್ಮ ಪರಮಾಣು ಸಿದ್ಧಾಂತವನ್ನು ಪ್ರಕಟಿಸಿದರು. ಎಲೆಕ್ಟ್ರಾನುಗಳು ಕೆಲವೇ ಗೊತ್ತಾದ ಕಕ್ಷೆಗಳಲ್ಲಿ ಸುತ್ತುತ್ತವೆ, ನಡುವೆ ಎಲ್ಲಿಯೂ ಇರುವುದಿಲ್ಲ ಎಂಬುದು ಅದರ ಸಾರ. ಸ್ಟರ್ನ್ ಮತ್ತು ಅವರ ಗೆಳೆಯ ಮ್ಯಾಕ್ಸ್ ಫಾನ್ ಲಾವೆ ಇಬ್ಬರೂ ಊರ ಹೊರಗಿನ ಊಟ್ಲಿಬರ್ಗ್ ಗುಡ್ಡ ಹತ್ತಿ, ಈ ಬೋರ್ ಹೇಳಿದ್ದು ನಿಜವೆಂದಾದರೆ ನಾವು ಭೌತಶಾಸ್ತ್ರವನ್ನೇ ಬಿಟ್ಟುಬಿಡುವುದೆಂದು ಪಣ ತೊಟ್ಟರಂತೆ. ಪಣ ತೊಟ್ಟವರೇ ಒಂಬತ್ತು ವರ್ಷದ ನಂತರ ಆ ಸಿದ್ಧಾಂತವನ್ನು ಕೈಯಾರೆ ಪರೀಕ್ಷಿಸಿದರು. ಫಲಿತಾಂಶ ಏನಾಯಿತೆಂದು ಮುಂದೆ ನೋಡುವಿರಿ.

ಮೊದಲ ಮಹಾಯುದ್ಧದಲ್ಲಿ ಅವರನ್ನು ಪೂರ್ವದ ಗಡಿಯಲ್ಲಿ ಹವಾಮಾನ ವೀಕ್ಷಣೆಯ ಕೆಲಸಕ್ಕೆ ಹಾಕಿದ್ದರು. ಯುದ್ಧ ಮುಗಿದ ಮೇಲೆ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯಕ್ಕೆ ಮರಳಿದರು. 1919ರಲ್ಲಿ ಅಲ್ಲಿಗೆ ಮುಖ್ಯಸ್ಥರಾಗಿ ಬಂದವರು ಮ್ಯಾಕ್ಸ್ ಬಾರ್ನ್. ಈ ಹೆಸರನ್ನು ನೆನಪಿನಲ್ಲಿಡಿ, ಇವರು ಮುಂದೆ ನಮ್ಮ ನಾಡಿಗೇ ಬರುತ್ತಾರೆ. ಕೆಲವೇ ಕೋಣೆಗಳ ಆ ಸಣ್ಣ ಸಂಸ್ಥೆಯಲ್ಲಿ ಸ್ಟರ್ನ್ ಮೊದಲು ಮಾಡಿದ್ದು ಬೆಳ್ಳಿಯ ಪರಮಾಣುಗಳ ವೇಗವನ್ನು ಅಳೆಯುವ ಕೆಲಸ. ನಿರ್ವಾತದಲ್ಲಿ ಬೆಳ್ಳಿಯನ್ನು ಕಾಯಿಸಿ, ಆವಿಯನ್ನು ಕಿರಿದಾದ ಸೀಳಿನಿಂದ ಹಾಯಿಸಿದರೆ ಪರಮಾಣುಗಳು ಒಂದಕ್ಕೊಂದು ತಾಗದೆ ನೇರ ಧಾರೆಯಾಗಿ ಹೊರಡುತ್ತವೆ. ಅವುಗಳ ವೇಗ ಸೆಕೆಂಡಿಗೆ ಸುಮಾರು 600 ಮೀಟರ್ ಎಂದು 1920ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಕಾಗದದ ಮೇಲಷ್ಟೇ ಇದ್ದ ಲೆಕ್ಕ ಮೊದಲ ಬಾರಿಗೆ ನೇರ ಅಳತೆಗೆ ಸಿಕ್ಕಿತು.

ಅದೇ ಧಾರೆಯನ್ನು ಅಯಸ್ಕಾಂತದ ನಡುವೆ ಹಾಯಿಸಿದರೆ ಏನಾದೀತು? ಬೆಚ್ಚಗಿನ ಹಾಸಿಗೆಯಿಂದ ಏಳಲು ಮನಸ್ಸಾಗದ ಒಂದು ಚಳಿಯ ಮುಂಜಾನೆ ಈ ಆಲೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಬೆಳ್ಳಿಯ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಕಾಂತ. ಎಲ್ಲ ಕಡೆ ಸಮನಾದ ಬಲವುಳ್ಳ ಕಾಂತಕ್ಷೇತ್ರದಲ್ಲಿ ಅದರ ಉತ್ತರ ಧ್ರುವವನ್ನು ಒಂದು ಕಡೆಗೆ, ದಕ್ಷಿಣ ಧ್ರುವವನ್ನು ಇನ್ನೊಂದು ಕಡೆಗೆ ಸಮವಾಗಿ ಎಳೆಯುವುದರಿಂದ ಪರಮಾಣು ದಾರಿ ಬಿಡುವುದಿಲ್ಲ. ಆದರೆ ಒಂದು ಧ್ರುವವನ್ನು ಚಾಕುವಿನ ಅಲಗಿನಂತೆ ಚೂಪಾಗಿಸಿದರೆ ಕ್ಷೇತ್ರ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಆಗ ಪುಟ್ಟ ಕಾಂತದ ಮುಖ ಯಾವ ಕಡೆಗಿದೆಯೋ ಅದಕ್ಕೆ ತಕ್ಕಂತೆ ಪರಮಾಣು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಹಳೆಯ ಭೌತಶಾಸ್ತ್ರದ ಪ್ರಕಾರ ಕಾಂತದ ಮುಖ ಯಾವ ಓರೆಯಲ್ಲಾದರೂ ಇರಬಹುದು. ಹಾಗಾಗಿ ಗಾಜಿನ ಫಲಕದ ಮೇಲೆ ಬೆಳ್ಳಿ ಅಗಲವಾಗಿ ಹರಡಿಕೊಳ್ಳಬೇಕು. ಬೋರ್ ಮತ್ತು ಸೋಮರ್‌ಫೆಲ್ಡ್ ಸಿದ್ಧಾಂತದ ಪ್ರಕಾರ ಕೆಲವೇ ದಿಕ್ಕುಗಳಿಗೆ ಅವಕಾಶ. ಬಿಡಿಬಿಡಿ ಗೆರೆಗಳು ಬೀಳಬೇಕು. ತುಮಕೂರಿನಿಂದ ಹೊರಟ ಬಸ್ಸು ಗುಬ್ಬಿಯ ದಾರಿ ಹಿಡಿಯಬೇಕು, ಇಲ್ಲವೇ ಕುಣಿಗಲ್ ದಾರಿ ಹಿಡಿಯಬೇಕು. ನಡುವಿನ ತೋಟ ಗದ್ದೆಗಳ ಮೇಲೆ ಹಾಯಲು ಬಾರದು, ಅಷ್ಟೇ. ಪರಮಾಣುವಿಗೂ ಇಂಥ ಕಟ್ಟುಪಾಡು ಇದ್ದೀತೆಂದು ಆಗ ಬಹಳ ಜನ ನಂಬಿರಲಿಲ್ಲ. ಅದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಉಪಾಯವೆಂದೇ ಬಾರ್ನ್ ಕೂಡ ತಿಳಿದಿದ್ದರು. ಸ್ಟರ್ನ್ ವಾದಕ್ಕೆ ನಿಲ್ಲಲಿಲ್ಲ. 1921ರಲ್ಲಿ ಪ್ರಯೋಗದ ವಿಧಾನವನ್ನು ಪ್ರಕಟಿಸಿ ಕೆಲಸಕ್ಕೆ ಇಳಿದರು.

ಜೊತೆಗೆ ಸಿಕ್ಕವರು ವಾಲ್ಟರ್ ಗೆರ್ಲಾಕ್, ಕೈಚಳಕದ ಪ್ರಯೋಗಶಾಲಿ. ಸತ್ಯ ಹೇಳಬೇಕೆಂದರೆ ಆಲೋಚನೆ ಸ್ಟರ್ನ್ ಅವರದು, ರಾತ್ರಿ ನಿದ್ದೆಗೆಟ್ಟು ದುಡಿದ ಕೈ ಹೆಚ್ಚಾಗಿ ಗೆರ್ಲಾಕ್ ಅವರದು. ಅಳತೆಗಳನ್ನು ನೋಡಿ: ಬೆಳ್ಳಿಯ ಒಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್. ಧಾರೆ ಹಾಯುವ ಸೀಳಿನ ಅಗಲ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಕಾಂತದ ಉದ್ದ ಬರೀ ಮೂರೂವರೆ ಸೆಂಟಿಮೀಟರ್. ಇಷ್ಟೆಲ್ಲ ಮಾಡಿದರೂ ಎರಡು ಗೆರೆಗಳ ನಡುವೆ ಸಿಗುವ ಅಂತರ ಮಿಲಿಮೀಟರಿನ ಐದರಲ್ಲಿ ಒಂದು ಪಾಲು. ಸೀಳು ಕೂದಲೆಳೆಯಷ್ಟು ಅತ್ತಿತ್ತ ಸರಿದರೆ ಎಲ್ಲವೂ ಕೆಟ್ಟಿತು. ಗಾಜಿನ ಪಂಪುಗಳು ಒಡೆಯುತ್ತಿದ್ದವು. ಗಂಟೆಗಟ್ಟಲೆ ಕಾದರೂ ಫಲಕದ ಮೇಲೆ ಬೀಳುತ್ತಿದ್ದ ಬೆಳ್ಳಿ ಕಣ್ಣಿಗೆ ಕಾಣದಷ್ಟು ತೆಳು.

ಇನ್ನು ಹಣ. ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ನಾಣ್ಯದ ಬೆಲೆ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. ಬಾರ್ನ್ ಒಂದು ಉಪಾಯ ಹೂಡಿದರು. ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಜನರಿಗೆ ಆಗ ಬಹಳ ಕುತೂಹಲ. ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ಆ ವಿಷಯದ ಮೇಲೆ ಸಾರ್ವಜನಿಕ ಉಪನ್ಯಾಸಮಾಲೆ ಏರ್ಪಡಿಸಿ, ಪ್ರವೇಶಕ್ಕೆ ಟಿಕೆಟ್ ಇಟ್ಟು, ಬಂದ ಹಣವನ್ನು ಪ್ರಯೋಗಕ್ಕೆ ಕೊಟ್ಟರು. ನಮ್ಮಲ್ಲಿ ಶಾಲಾ ಕಟ್ಟಡಕ್ಕೆ ಹಣ ಕೂಡಿಸಲು ಸಹಾಯಾರ್ಥ ನಾಟಕ ಆಡಿಸುವುದಿಲ್ಲವೇ, ಹಾಗೆಯೇ. ಗುಬ್ಬಿ ಕಂಪನಿಯ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಟಿಕೆಟ್ ಹಣವೂ ಕರಗಿದಾಗ ನ್ಯೂಯಾರ್ಕಿನ ಹೆನ್ರಿ ಗೋಲ್ಡ್‌ಮನ್ ಎಂಬ ಸಾಹುಕಾರರು ಡಾಲರಿನಲ್ಲಿ ಚೆಕ್ ಕಳಿಸಿ ಕೆಲಸ ಉಳಿಸಿದರು.

ಈ ನಡುವೆ ಒಂದು ತಮಾಷೆಯ ಸಂಗತಿ. ಒಂದು ದಿನ ಫಲಕ ಹೊರತೆಗೆದಾಗ ಏನೂ ಕಾಣಲಿಲ್ಲ. ಸ್ಟರ್ನ್ ಅದನ್ನು ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದು ನೋಡುತ್ತಿದ್ದಂತೆ ಬೆಳ್ಳಿಯ ಗುರುತು ಮೆಲ್ಲಗೆ ಕಪ್ಪಾಗಿ ಮೂಡತೊಡಗಿತು. ಆಗ ಅವರ ಸಂಬಳ ಕಡಿಮೆ, ಸೇದುತ್ತಿದ್ದುದು ಅಗ್ಗದ ಚುಟ್ಟಾ. ಅದರಲ್ಲಿದ್ದ ಗಂಧಕ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗಿತ್ತು. ಬೆಳ್ಳಿಯ ಕಾಲುಗೆಜ್ಜೆ ಕಪ್ಪಾಗುವುದನ್ನು ನೀವು ಮನೆಯಲ್ಲಿ ನೋಡಿರುತ್ತೀರಿ, ಅದೇ ಕ್ರಿಯೆ. ಹಲವು ದಶಕಗಳ ನಂತರ ಅಮೆರಿಕದ ಇಬ್ಬರು ವಿಜ್ಞಾನಿಗಳು ಇದನ್ನು ಮತ್ತೆ ಮಾಡಿ ನೋಡಿ, ಬರೀ ಉಸಿರು ಸಾಲದು, ಹೊಗೆಯೇ ತಾಗಬೇಕು ಎಂದು ತೀರ್ಮಾನಿಸಿದರು. ಚುಟ್ಟಾದಿಂದ ಲೋಕಕ್ಕೆ ಆದ ಉಪಕಾರ ನನಗೆ ತಿಳಿದಮಟ್ಟಿಗೆ ಇದೊಂದೇ.

1921ರ ಕೊನೆಗೆ ಸ್ಟರ್ನ್ ರೋಸ್ಟಾಕ್‌ಗೆ ಪ್ರಾಧ್ಯಾಪಕರಾಗಿ ಹೋದರು. ರಜೆ ಸಿಕ್ಕಾಗ ಬಂದು ಸೇರಿಕೊಳ್ಳುತ್ತಿದ್ದರು. 1922ರ ಫೆಬ್ರವರಿ 7 ಮತ್ತು 8ರ ನಡುವಿನ ರಾತ್ರಿ ಫಲಕದ ಮೇಲೆ ಬೆಳ್ಳಿ ಎರಡಾಗಿ ಸೀಳಿಕೊಂಡು ಬಿದ್ದಿತು. ಎರಡು ಗೆರೆ, ನಡುವೆ ಖಾಲಿ. ಗೆರ್ಲಾಕ್ ಅದರ ಚಿತ್ರವನ್ನು ಅಂಚೆ ಕಾರ್ಡಿಗೆ ಅಂಟಿಸಿ, ನಿಮ್ಮ ಸಿದ್ಧಾಂತ ದೃಢಪಟ್ಟಿದೆ ಎಂಬ ಅಭಿನಂದನೆಯೊಡನೆ ಬೋರ್ ಅವರಿಗೆ ಕಳಿಸಿದರು. ಗುಡ್ಡದ ಮೇಲಿನ ಪಣದಂತೆ ಸ್ಟರ್ನ್ ಭೌತಶಾಸ್ತ್ರ ಬಿಡಬೇಕಿತ್ತು. ಬಿಡಲಿಲ್ಲ, ನಮ್ಮ ಪುಣ್ಯ.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಅಂದು ಎಲ್ಲರೂ ಕೊಟ್ಟ ವಿವರಣೆ ತಪ್ಪಾಗಿತ್ತು! ಬೆಳ್ಳಿಯ ಕಾಂತತ್ವ ಎಲೆಕ್ಟ್ರಾನ್ ಕಕ್ಷೆಯಲ್ಲಿ ಸುತ್ತುವುದರಿಂದ ಬರುತ್ತದೆಂದು ಅವರು ಭಾವಿಸಿದ್ದರು. 1925ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು ಎಲೆಕ್ಟ್ರಾನಿಗೆ ಸ್ವಂತದ ಸ್ಪಿನ್ ಇದೆಯೆಂದು ಸೂಚಿಸಿದರು. ಬೆಳ್ಳಿಯಲ್ಲಿ ಕಕ್ಷೆಯ ಪಾಲು ಸೊನ್ನೆ, ಗೆರೆಗಳು ಎರಡಾದದ್ದು ಪೂರ್ತಿ ಸ್ಪಿನ್‌ನಿಂದಲೇ ಎಂಬುದು 1927ರ ಹೊತ್ತಿಗೆ ಸ್ಪಷ್ಟವಾಯಿತು. ಅಂದರೆ ಸ್ಟರ್ನ್ ಮತ್ತು ಗೆರ್ಲಾಕ್ ಎಲೆಕ್ಟ್ರಾನಿನ ಸ್ಪಿನ್ ಅನ್ನು ಅಳೆದಿದ್ದರು, ಆದರೆ ಅಳೆದದ್ದು ಏನೆಂದು ಅವರಿಗೇ ಗೊತ್ತಿರಲಿಲ್ಲ. ವಿವರಣೆ ಬಿದ್ದುಹೋಯಿತು, ಅಳತೆ ನಿಂತಿತು. ಸ್ಟರ್ನ್ ಅವರ ಇಡೀ ಬಾಳಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದೇ.

1923ರಲ್ಲಿ ಅವರು ಹ್ಯಾಂಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಮುಂದಿನ ಹತ್ತು ವರ್ಷ ಅವರ ಬಾಳಿನ ಸುಗ್ಗಿ. ಜಗತ್ತಿನ ನಾನಾ ಕಡೆಯಿಂದ ತರುಣರು ಬಂದು ಪರಮಾಣು ಧಾರೆಯ ವಿದ್ಯೆ ಕಲಿತು ಹೋದರು. ಖ್ಯಾತ ಸಿದ್ಧಾಂತಿ ವೂಲ್ಫ್‌ಗಾಂಗ್ ಪೌಲಿ ಅದೇ ಊರಿನಲ್ಲಿದ್ದು ಊಟಕ್ಕೆ ಜೊತೆಯಾಗುತ್ತಿದ್ದರು. ಪೌಲಿ ಕಾಲಿಟ್ಟಲ್ಲಿ ಉಪಕರಣ ಒಡೆಯುತ್ತದೆಂಬ ಪ್ರತೀತಿ ಇದ್ದುದರಿಂದ, ಸ್ಟರ್ನ್ ಆ ಗೆಳೆಯನನ್ನು ಪ್ರಯೋಗಾಲಯದ ಒಳಗೆ ಮಾತ್ರ ಬಿಡುತ್ತಿರಲಿಲ್ಲವಂತೆ.

1933ರಲ್ಲಿ ಅವರು ಎಸ್ಟರ್ಮನ್ ಮತ್ತು ಫ್ರಿಶ್ ಎಂಬ ಜೊತೆಗಾರರೊಡನೆ ಪ್ರೋಟಾನಿನ ಕಾಂತವನ್ನು ಅಳೆದರು. ಇದು ಎಲೆಕ್ಟ್ರಾನಿನ ಕಾಂತಕ್ಕಿಂತ ನೂರಾರು ಪಟ್ಟು ದುರ್ಬಲ. ಸಿದ್ಧಾಂತಿಗಳಿಗೆ ಉತ್ತರ ಮೊದಲೇ ಗೊತ್ತಿತ್ತು: ಒಂದು ಮಾನ ಬರಬೇಕು, ಅಳೆಯುವುದೇ ವ್ಯರ್ಥ ಎಂದರು. ಅಳೆದಾಗ ಬಂದದ್ದು ಸುಮಾರು ಎರಡೂವರೆ. ಇಂದಿನ ನಿಖರ ಬೆಲೆ 2.79. ಪ್ರೋಟಾನಿನ ಒಳಗೆ ಇನ್ನೂ ಏನೋ ಇದೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಅದು.

ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ರಂದು ಬಂದ ಕಾನೂನು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದುಹಾಕಿತು. ಸ್ಟರ್ನ್ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದರಿಂದ ಆ ಗಳಿಗೆಗೆ ಅವರ ಕುರ್ಚಿ ಉಳಿಯಿತು. ಆದರೆ ಅವರ ಕಣ್ಣೆದುರೇ ಎಸ್ಟರ್ಮನ್, ಫ್ರಿಶ್ ಮುಂತಾದವರಿಗೆ ವಜಾ ಪತ್ರ ಬಂತು. ಕೋಣೆಯ ಗೋಡೆಯ ಮೇಲಿದ್ದ ಐನ್‌ಸ್ಟೈನ್ ಚಿತ್ರವನ್ನು ಇಳಿಸುವಂತೆ ಆದೇಶವಾಯಿತೆಂದೂ ಅವರು ಒಪ್ಪಲಿಲ್ಲವೆಂದೂ ಹೇಳುತ್ತಾರೆ. ತಾವಾಗಿಯೇ ರಾಜೀನಾಮೆ ಕೊಟ್ಟು, ಹತ್ತು ವರ್ಷ ಕಟ್ಟಿದ ಪ್ರಯೋಗಾಲಯವನ್ನು ಹಿಂದೆ ಬಿಟ್ಟು, ನಲವತ್ತೈದನೆಯ ವಯಸ್ಸಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೊರಟರು.

ಅವರಿಗಾಗಿ ಟಿಕೆಟ್ ಮಾರಿ ಹಣ ಕೂಡಿಸಿದ್ದ ಮ್ಯಾಕ್ಸ್ ಬಾರ್ನ್ ಅವರಿಗೂ ಅದೇ ಗತಿಯಾಯಿತು. ಅವರಿಗೆ ಆಶ್ರಯ ಕೊಡಲು ಮುಂದೆ ಬಂದವರಲ್ಲಿ ನಮ್ಮ ಸರ್ ಸಿ.ವಿ. ರಾಮನ್ ಒಬ್ಬರು. ಆಗ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಅವರ ಆಹ್ವಾನದ ಮೇಲೆ ಬಾರ್ನ್ 1935–36ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದರು. ತುಮಕೂರಿನಿಂದ ಹೊರಟ ಬಸ್ಸು ಯಶವಂತಪುರ ದಾಟುವಾಗ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಆ ಸಂಸ್ಥೆ ಹತ್ತಿರದಲ್ಲೇ ಇದೆ. ಬಾರ್ನ್ ಅವರನ್ನು ಖಾಯಂ ಆಗಿ ಉಳಿಸಿಕೊಳ್ಳಲು ರಾಮನ್ ಪ್ರಯತ್ನಪಟ್ಟರು. ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು. ಮುಂದೆ ನೊಬೆಲ್ ಪಡೆದ ಒಬ್ಬ ಮಹಾ ಸಿದ್ಧಾಂತಿ ನಮ್ಮ ಕೈಗೆ ಬಂದು ಜಾರಿದ ಕಥೆ ಅದು, ನೆನೆದರೆ ಈಗಲೂ ಬೇಸರವಾಗುತ್ತದೆ.

ಪಿಟ್ಸ್‌ಬರ್ಗ್‌ನಲ್ಲಿ ಸ್ಟರ್ನ್ ಅವರಿಗೆ ಹ್ಯಾಂಬರ್ಗ್‌ನಂಥ ಅನುಕೂಲ ಮತ್ತೆ ಸಿಗಲಿಲ್ಲ. ಹಣ ಕಡಿಮೆ, ಶಿಷ್ಯರು ಕಡಿಮೆ. ನೊಬೆಲ್‌ಗೆ ಅವರ ಹೆಸರು 80ಕ್ಕೂ ಹೆಚ್ಚು ಬಾರಿ ಸೂಚಿತವಾಗಿತ್ತು. ಕೊನೆಗೆ 1943ರ ಭೌತಶಾಸ್ತ್ರ ಪ್ರಶಸ್ತಿ ಅವರೊಬ್ಬರಿಗೇ ಬಂತು. ವಿಚಿತ್ರವೆಂದರೆ ಪ್ರಶಸ್ತಿಯ ಒಕ್ಕಣೆಯಲ್ಲಿ ಧಾರೆಯ ವಿಧಾನ ಮತ್ತು ಪ್ರೋಟಾನಿನ ಕಾಂತದ ಮಾತಿದೆ, ಬೆಳ್ಳಿಯ ಎರಡು ಗೆರೆಗಳ ಹೆಸರಿಲ್ಲ. ಗೆರ್ಲಾಕ್ ಜರ್ಮನಿಯಲ್ಲೇ ಉಳಿದು ಯುದ್ಧಕಾಲದ ಪರಮಾಣು ಸಂಶೋಧನೆಯ ಹೊಣೆ ಹೊತ್ತಿದ್ದರು. ಮರುವರ್ಷದ, ಅಂದರೆ 1944ರ ನೊಬೆಲ್ ಪಡೆದವರು ಹ್ಯಾಂಬರ್ಗ್‌ನಲ್ಲಿ ಸ್ಟರ್ನ್ ಜೊತೆ ಕೆಲಸ ಕಲಿತಿದ್ದ ಇಸಿಡೋರ್ ರಾಬಿ. ರಾಬಿ ಆ ಧಾರೆಯ ವಿದ್ಯೆಗೆ ರೇಡಿಯೋ ಅಲೆಗಳನ್ನು ಸೇರಿಸಿ ಬೀಜಕಣಗಳ ಕಾಂತವನ್ನು ಬಹಳ ನಿಖರವಾಗಿ ಅಳೆದರು. ಅದೇ ದಾರಿಯ ಮುಂದುವರಿಕೆಯೇ ಎಂ.ಆರ್.ಐ. ಸ್ಕ್ಯಾನ್. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಬೆನ್ನುನೋವಿನ ಹಿರಿಯರನ್ನು ತುಮಕೂರಿಗೆ ಕರೆತಂದು ಆ ದೊಡ್ಡ ಕೊಳವೆಯೊಳಗೆ ಮಲಗಿಸಿದಾಗ, ಯಂತ್ರ ಆಲಿಸುವುದು ದೇಹದ ನೀರಿನಲ್ಲಿರುವ ಜಲಜನಕದ ಪ್ರೋಟಾನುಗಳ ಕಾಂತವನ್ನು. ಅಳೆಯುವುದೇ ವ್ಯರ್ಥ ಎಂದಿದ್ದರಲ್ಲ, ಅದೇ ಕಾಂತ.

ನಿವೃತ್ತಿಯ ನಂತರ ಸ್ಟರ್ನ್ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ನೆಲೆಸಿದರು. ಮದುವೆಯಾಗಿರಲಿಲ್ಲ. ಸಿನಿಮಾ ಎಂದರೆ ಪ್ರೀತಿ. ಯುದ್ಧದ ಬಳಿಕ ಜರ್ಮನಿ ಕೊಡಲು ಬಂದ ಪಿಂಚಣಿಯನ್ನು ನಿರಾಕರಿಸಿದರು, ಅಲ್ಲಿ ಮತ್ತೆ ವಾಸಕ್ಕೆ ಹೋಗಲೂ ಇಲ್ಲ. 1969ರ ಆಗಸ್ಟ್ 17ರಂದು ಬರ್ಕ್‌ಲಿಯ ಒಂದು ಚಿತ್ರಮಂದಿರದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಅವರು ಬಿಟ್ಟುಬಂದ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಈಚೆಗೆ ನಡೆದ ಕೆಲಸವನ್ನು ಹೇಳದಿದ್ದರೆ ಈ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಸ್ಟರ್ನ್ ಅಳೆದದ್ದು ಹಾರಿಹೋಗುವ ಬಿಡಿ ಪರಮಾಣುಗಳನ್ನು. ಗಟ್ಟಿ ವಸ್ತುವಿನೊಳಗೆ ಸಾಲಾಗಿ ಕೂತ ಪರಮಾಣುಗಳ ಬಾಣಗಳನ್ನು ಒಂದೊಂದಾಗಿ ನೋಡುವುದು ಹೇಗೆ? ಕಬ್ಬಿಣದಂಥ ಕಾಂತದಲ್ಲಿ ಬಾಣಗಳೆಲ್ಲ ಒಂದೇ ಕಡೆಗಿರುವುದರಿಂದ ದಿಕ್ಸೂಚಿಯ ಮುಳ್ಳೇ ಅದನ್ನು ತೋರಿಸುತ್ತದೆ. ಆದರೆ ಪಕ್ಕಪಕ್ಕದ ಬಾಣಗಳು ಒಂದು ಮೇಲೆ, ಒಂದು ಕೆಳಗೆ ಇರುವ ವಸ್ತುಗಳೂ ಇವೆ. ಅಲ್ಲಿ ಒಟ್ಟು ಕಾಂತ ಸೊನ್ನೆ, ದಿಕ್ಸೂಚಿ ಅಲುಗುವುದೇ ಇಲ್ಲ. ಹೊರಗಿನಿಂದ ನೋಡಿದರೆ ಅದು ಕಾಂತವೇ ಅಲ್ಲ ಎನ್ನಬೇಕು.

1981ರಲ್ಲಿ ಜ್ಯೂರಿಕ್‌ನ ಬಿನ್ನಿಗ್ ಮತ್ತು ರೋರರ್ ಒಂದು ಸೂಕ್ಷ್ಮದರ್ಶಕ ಕಟ್ಟಿದ್ದರು. ಬಹಳ ಚೂಪಾದ ಲೋಹದ ಸೂಜಿಯನ್ನು ಮೇಲ್ಮೈಗೆ ತಾಗದಂತೆ, ಆದರೆ ಒಂದೆರಡು ಪರಮಾಣುಗಳಷ್ಟು ಸಮೀಪಕ್ಕೆ ತಂದರೆ ನಡುವಿನ ಖಾಲಿ ಜಾಗವನ್ನು ಹಾದು ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತಿನ ಏರಿಳಿತದಿಂದ ಪರಮಾಣುಗಳ ಉಬ್ಬುತಗ್ಗು ತಿಳಿಯುತ್ತದೆ. ರೋಲಾಂಡ್ ವೀಸೆನ್‌ಡಾಂಗರ್ ಎಂಬವರು ಈ ಸೂಜಿಯ ತುದಿಯನ್ನೇ ಕಾಂತವಾಗಿಸಿದರು. ತುದಿಯ ಬಾಣವೂ ಕೆಳಗಿನ ಪರಮಾಣುವಿನ ಬಾಣವೂ ಒಂದೇ ಕಡೆಗಿದ್ದರೆ ಹರಿಯುವ ವಿದ್ಯುತ್ ಒಂದು ಬಗೆ, ಎದುರುಬದುರಾಗಿದ್ದರೆ ಇನ್ನೊಂದು ಬಗೆ. 1990ರಲ್ಲಿ ಬಾಸೆಲ್‌ನಲ್ಲಿ ಇದನ್ನು ತೋರಿಸಿದ ಅವರು ಮುಂದೆ ಹ್ಯಾಂಬರ್ಗ್‌ಗೆ ಬಂದರು. 2000ದಲ್ಲಿ ಅವರ ತಂಡ ಟಂಗ್‌ಸ್ಟನ್ ಮೇಲೆ ಹಾಸಿದ ಒಂದೇ ಪದರದ ಮ್ಯಾಂಗನೀಸ್‌ನಲ್ಲಿ ನೆರೆಯ ಪರಮಾಣುಗಳ ಬಾಣಗಳು ತಿರುವುಮುರುವಾಗಿರುವುದನ್ನು ಚಿತ್ರದಲ್ಲೇ ತೋರಿಸಿತು. ಬಾಣಗಳು ಸುಳಿಯಂತೆ ತಿರುಚಿಕೊಂಡಿರುವ ಸ್ಕಿರ್ಮಿಯಾನ್ ಎಂಬ ವಿಚಿತ್ರ ರಚನೆಗಳನ್ನು 2013ರಲ್ಲಿ ಅದೇ ಸೂಜಿಯಿಂದ ಒಂದೊಂದಾಗಿ ಬರೆದು, ಅಳಿಸಿ ತೋರಿಸಿದರು. ಮಾಹಿತಿ ಕೂಡಿಡಲು ಇದು ಉಪಯೋಗವಾದೀತೆಂಬ ಆಸೆ ಇದೆ.

2024ರಲ್ಲಿ ಇನ್ನೊಂದು ಜಾತಿಯ ಕಾಂತ ಖಚಿತವಾಯಿತು, ಅದಕ್ಕೆ ಆಲ್ಟರ್‌ಮ್ಯಾಗ್ನೆಟ್ ಎಂದು ಹೆಸರು. ಮ್ಯಾಂಗನೀಸ್ ಟೆಲ್ಯುರೈಡ್ ಅದಕ್ಕೊಂದು ಉದಾಹರಣೆ. ಇಲ್ಲಿಯೂ ಬಾಣಗಳು ಸರಿದೂಗಿ ಒಟ್ಟು ಕಾಂತ ಸೊನ್ನೆಯೇ. ಆದರೆ ಒಳಗೆ ಹರಿಯುವ ಎಲೆಕ್ಟ್ರಾನುಗಳು, ತಾವು ಹೊರಟ ದಿಕ್ಕನ್ನು ಅನುಸರಿಸಿ, ಮೇಲು ಬಾಣ ಮತ್ತು ಕೆಳಗು ಬಾಣ ಎಂದು ಶಕ್ತಿಯಲ್ಲಿ ಎರಡು ಪಂಗಡವಾಗುತ್ತವೆ. ಇದನ್ನು ಪತ್ತೆ ಮಾಡಿದ್ದು ಸೂಜಿಯಿಂದಲ್ಲ, ಪ್ರಬಲ ಎಕ್ಸ್ ಕಿರಣಗಳಂಥ ಬೆಳಕನ್ನು ಹಾಯಿಸಿ ಹೊರಚಿಮ್ಮಿದ ಎಲೆಕ್ಟ್ರಾನುಗಳನ್ನು ಅಳೆದು. ಇಂಥ ವಸ್ತುಗಳಲ್ಲಿ ಬಾಣಗಳ ಜೋಡಣೆ ಪರಮಾಣುವಿನಿಂದ ಪರಮಾಣುವಿಗೆ ಹೇಗೆ ಬದಲಾಗುತ್ತದೆ, ಅಂಚಿನಲ್ಲಿ, ಬಿರುಕಿನಲ್ಲಿ ಏನಾಗುತ್ತದೆ ಎಂಬುದನ್ನು ಹುಡುಕುವ ಕೆಲಸ ಈಗ ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಅಲ್ಲಿಯೂ ಬೇಕಾಗುವುದು ಒಳ್ಳೆಯ ನಿರ್ವಾತ, ಅಲುಗದ ಮೇಜು, ಮತ್ತು ರಾತ್ರಿಯೆಲ್ಲ ಕಾಯಬಲ್ಲವರು.